ಏಳು ಗೆರೆಗಳ ಹಿಂದಿನ ವೈದ್ಯ: ಆರ್ಚಿ ಕಾಕ್ರೇನ್

ಮಕ್ಕಳೇ, ಜ್ವರ ಬಂದಾಗ ವೈದ್ಯರು ಮಾತ್ರೆ ಬರೆದುಕೊಡುತ್ತಾರೆ. ನೀವು ನುಂಗುತ್ತೀರಿ. ಮೂರು ದಿನಕ್ಕೆ ಜ್ವರ ಬಿಡುತ್ತದೆ. ಈಗ ಯೋಚಿಸಿ. ಜ್ವರ ಬಿಟ್ಟದ್ದು ಮಾತ್ರೆಯಿಂದಲೋ? ಅಥವಾ ಮಾತ್ರೆ ನುಂಗದಿದ್ದರೂ ಮೂರು ದಿನಕ್ಕೆ ತಾನಾಗಿಯೇ ಬಿಡುತ್ತಿತ್ತೋ?

ಈ ಪ್ರಶ್ನೆಯನ್ನು ಬದುಕಿನುದ್ದಕ್ಕೂ ಕೇಳುತ್ತಾ ಹೋದ ವೈದ್ಯರೊಬ್ಬರಿದ್ದರು. ಅವರ ಹೆಸರು ಆರ್ಚಿಬಾಲ್ಡ್ ಲೀಮನ್ ಕಾಕ್ರೇನ್. ಎಲ್ಲರೂ ಅವರನ್ನು ಆರ್ಚಿ ಎಂದೇ ಕರೆಯುತ್ತಿದ್ದರು. ಪ್ರಪಂಚದ ವೈದ್ಯರು ಇಂದು ಔಷಧಗಳ ಬಗ್ಗೆ ತಿಳಿಯಲು ಒಂದು ವಿಶೇಷ ಬಗೆಯ ಗ್ರಾಫನ್ನು ನೋಡುತ್ತಾರೆ. ಅಂಥ ಒಂದು ಗ್ರಾಫೇ ಇವರ ಹೆಸರಿನ ಸಂಸ್ಥೆಯ ಲಾಂಛನವಾಗಿದೆ. ಅದರಲ್ಲಿ ಏಳು ಅಡ್ಡಗೆರೆಗಳಿವೆ. ಆ ಗೆರೆಗಳನ್ನು ಓದುವುದು ಹೇಗೆಂದು ಆಮೇಲೆ ನೋಡೋಣ. ಮೊದಲು ಆರ್ಚಿಯವರ ಕಥೆ ಕೇಳಿ.

ಆರ್ಚಿ ಹುಟ್ಟಿದ್ದು 1909ರ ಜನವರಿ 12ರಂದು, ಸ್ಕಾಟ್ಲೆಂಡಿನ ಗಾಲಶೀಲ್ಸ್ ಎಂಬ ಊರಿನಲ್ಲಿ. ಮನೆಯವರದು ಉಣ್ಣೆ ಬಟ್ಟೆಯ ವ್ಯವಹಾರ. ಅನುಕೂಲಸ್ಥ ಕುಟುಂಬ. ಆದರೆ ಆರ್ಚಿಗೆ ಎಂಟು ವರ್ಷವಾಗಿದ್ದಾಗ, 1917ರಲ್ಲಿ, ತಂದೆ ಮೊದಲನೆಯ ಮಹಾಯುದ್ಧದಲ್ಲಿ ಮಡಿದರು. ಹುಡುಗ ಓದಿನಲ್ಲಿ ಚುರುಕು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನ ಓದಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ನಂತರ ಲಂಡನ್ನಿನಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಸೇರಿದರು. 1936ರಲ್ಲಿ ಸ್ಪೇನ್ ದೇಶದಲ್ಲಿ ಅಂತರ್ಯುದ್ಧ ಶುರುವಾದಾಗ ಓದನ್ನು ಅರ್ಧಕ್ಕೇ ನಿಲ್ಲಿಸಿ, ಗಾಯಾಳುಗಳ ಸೇವೆಗೆಂದು ಅಲ್ಲಿಗೆ ಹೋದರು. ಮರಳಿ ಬಂದು 1938ರಲ್ಲಿ ವೈದ್ಯರಾದರು.

ವಿದ್ಯಾರ್ಥಿಯಾಗಿದ್ದಾಗ ಅವರು ಒಮ್ಮೆ ಲಂಡನ್ನಿನ ಮೆರವಣಿಗೆಯೊಂದಕ್ಕೆ ತಾವೇ ಬರೆದ ಫಲಕ ಹಿಡಿದು ಹೋದರು. ಗುಣ ಕೊಡುವ ಚಿಕಿತ್ಸೆಯೆಲ್ಲ ಜನರಿಗೆ ಉಚಿತವಾಗಿ ಸಿಗಬೇಕು ಎಂಬುದು ಅವರ ಬೇಡಿಕೆ. ಇಲ್ಲಿ ಗಮನಿಸಿ, ಎಲ್ಲ ಚಿಕಿತ್ಸೆಯೂ ಎಂದು ಅವರು ಬರೆಯಲಿಲ್ಲ. ಗುಣ ಕೊಡುವ ಚಿಕಿತ್ಸೆ ಎಂದು ಬರೆದರು. ಹಾಗಾದರೆ ಗುಣ ಕೊಡುವುದು ಯಾವುದು, ಕೊಡದಿರುವುದು ಯಾವುದು? ಆಗ ಬಹಳಷ್ಟು ಚಿಕಿತ್ಸೆಗಳ ಬಗ್ಗೆ ಅದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಸೆರೆಶಿಬಿರದ ಪ್ರಯೋಗ

ಎರಡನೆಯ ಮಹಾಯುದ್ಧ ಬಂತು. ಕಾಕ್ರೇನ್ ಸೈನ್ಯದ ವೈದ್ಯರಾಗಿ ಸೇರಿದರು. 1941ರಲ್ಲಿ ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಜರ್ಮನರಿಗೆ ಸೆರೆಸಿಕ್ಕರು. ಮುಂದಿನ ನಾಲ್ಕು ವರ್ಷ ಅವರು ಯುದ್ಧಕೈದಿ. ಮೊದಲು ಗ್ರೀಸಿನ ಸಲೋನಿಕ ನಗರದ ಶಿಬಿರದಲ್ಲಿ ಅವರನ್ನು ಇಟ್ಟರು. ಜರ್ಮನ್ ಭಾಷೆ ಬರುತ್ತಿದ್ದುದರಿಂದ ಕೈದಿಗಳ ಮುಖ್ಯ ವೈದ್ಯರ ಹೊಣೆ ಅವರ ಮೇಲೆಯೇ ಬಿತ್ತು.

ಅಲ್ಲಿನ ಸ್ಥಿತಿ ಭಯಂಕರವಾಗಿತ್ತು. ಸಾವಿರಾರು ಕೈದಿಗಳು. ದಿನಕ್ಕೆ ಸುಮಾರು 600 ಕ್ಯಾಲೊರಿಯಷ್ಟು ಮಾತ್ರ ಆಹಾರ. ದೊಡ್ಡವರಿಗೆ ದಿನಕ್ಕೆ ಬೇಕಾದ್ದರಲ್ಲಿ ಇದು ಮೂರನೆಯ ಒಂದು ಭಾಗವೂ ಅಲ್ಲ. ಎಲ್ಲರಿಗೂ ಭೇದಿ. ವಿಷಮಶೀತ ಜ್ವರ, ಗಂಟಲಮಾರಿ, ಕಾಮಾಲೆ ಹರಡಿದವು. ಔಷಧವೋ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನೂರಾರು ಜನ ಸಾಯುತ್ತಾರೆಂದು ಕಾಕ್ರೇನ್ ಹೆದರಿದ್ದರು. ಆದರೆ ಆ ತಿಂಗಳುಗಳಲ್ಲಿ ಸತ್ತವರು ನಾಲ್ವರು ಮಾತ್ರ. ಅವರಲ್ಲಿ ಮೂವರು ಸತ್ತದ್ದು ಕಾವಲುಗಾರರ ಗುಂಡಿಗೆ! ಔಷಧವಿಲ್ಲದೆಯೂ ದೇಹ ತನ್ನನ್ನು ತಾನು ಎಷ್ಟು ಗುಣಪಡಿಸಿಕೊಳ್ಳುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡರು.

ಆದರೆ ಒಂದು ತೊಂದರೆ ಮಾತ್ರ ಹೆಚ್ಚುತ್ತಲೇ ಹೋಯಿತು. ಕೈದಿಗಳ ಕಾಲುಗಳು ಮೊಣಕಾಲಿನ ಮೇಲಿನವರೆಗೂ ಊದತೊಡಗಿದವು. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಸ್ವತಃ ಕಾಕ್ರೇನರ ಕಾಲುಗಳೂ ಊದಿದ್ದವು. ಏನು ಮಾಡುವುದು? ಅವರಿಗೆ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯರ ನೆನಪಾಯಿತು. 1747ರಲ್ಲಿ ಲಿಂಡ್ ಅವರು ಸ್ಕರ್ವಿ ರೋಗ ತಗುಲಿದ್ದ ಹನ್ನೆರಡು ನಾವಿಕರನ್ನು ಇಬ್ಬಿಬ್ಬರ ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಪದಾರ್ಥ ಕೊಟ್ಟು ನೋಡಿದ್ದರು. ಕಿತ್ತಳೆ, ನಿಂಬೆ ತಿಂದವರು ಬೇಗ ಚೇತರಿಸಿಕೊಂಡಿದ್ದರು.

ಕಾಕ್ರೇನರೂ ಹಾಗೆಯೇ ಮಾಡಿದರು. ಕಾಲು ಊದಿದ್ದ ಇಪ್ಪತ್ತು ಯುವಕರನ್ನು ಆರಿಸಿ, ಹತ್ತು ಹತ್ತು ಜನರಂತೆ ಎರಡು ಕೋಣೆಗಳಲ್ಲಿ ಇರಿಸಿದರು. ಒಂದು ಕೋಣೆಯವರಿಗೆ ದಿನವೂ ಯೀಸ್ಟ್. ಬ್ರೆಡ್ಡಿನ ಹಿಟ್ಟು ಉಬ್ಬಲು ಹಾಕುತ್ತಾರಲ್ಲ, ಅದೇ. ಅದನ್ನು ಗುಟ್ಟಾಗಿ ಕೊಂಡು ತರಿಸಿದ್ದರು. ಇನ್ನೊಂದು ಕೋಣೆಯವರಿಗೆ ವಿಟಮಿನ್ ಸಿ ಮಾತ್ರೆ. ದೇಹದಲ್ಲಿ ನಿಂತ ನೀರು ಹೊರಹೋಗುತ್ತಿದೆಯೇ ಎಂದು ತಿಳಿಯಬೇಕಲ್ಲ? ಅಳತೆಯ ಪಾತ್ರೆಗಳಿರಲಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗುತ್ತಾರೆ ಎಂದು ಬರೆದಿಟ್ಟರು. ನಗಬೇಡಿ, ಇದ್ದುದರಲ್ಲಿ ಅದೇ ಒಳ್ಳೆಯ ಅಳತೆ! ಮೊದಮೊದಲು ಏನೂ ವ್ಯತ್ಯಾಸ ಕಾಣಲಿಲ್ಲ. ನಾಲ್ಕನೆಯ ದಿನದ ಹೊತ್ತಿಗೆ ಯೀಸ್ಟ್ ತಿಂದವರು ಚೇತರಿಸಿಕೊಳ್ಳುತ್ತಿದ್ದರು. ಇನ್ನೊಂದು ಕೋಣೆಯವರು ಹಾಗೆಯೇ ಇದ್ದರು.

ಕಾಕ್ರೇನ್ ಆ ಅಂಕಿಗಳನ್ನು ಬರೆದುಕೊಂಡು ಜರ್ಮನ್ ಅಧಿಕಾರಿಗಳ ಮುಂದೆ ಹೋದರು. ವೈರಿಗಳು ಕೇಳುತ್ತಾರೆಂಬ ಭರವಸೆ ಅವರಿಗಿರಲಿಲ್ಲ. ಆದರೆ ಅಂಕಿಗಳನ್ನು ಕಂಡ ಜರ್ಮನರು ಶಿಬಿರಕ್ಕೆ ಯೀಸ್ಟ್ ಕಳಿಸಿದರು. ಅದು ಎಲ್ಲ ಕೈದಿಗಳಿಗೂ ಸಿಕ್ಕಿತು. ಇಪ್ಪತ್ತೇ ಜನರ, ಕೆಲವೇ ದಿನಗಳ ಈ ಪ್ರಯೋಗ ಅಷ್ಟೇನೂ ಚೆನ್ನಾಗಿರಲಿಲ್ಲ ಎಂದು ಮುಂದೆ ಕಾಕ್ರೇನರೇ ಹೇಳುತ್ತಿದ್ದರು.

ಆಮೇಲೆ ಅವರನ್ನು ಜರ್ಮನಿಯ ಶಿಬಿರಗಳಿಗೆ ಸಾಗಿಸಿದರು. ಅಲ್ಲಿ ಕ್ಷಯರೋಗಿಗಳೇ ಹೆಚ್ಚು. ಒಂದು ರಾತ್ರಿ ಸಾಯುವ ಸ್ಥಿತಿಯಲ್ಲಿದ್ದ ಸೋವಿಯತ್ ಸೈನಿಕನೊಬ್ಬನನ್ನು ಕರೆತಂದರು. ಆತ ಕಿರುಚುತ್ತಲೇ ಇದ್ದ. ನೋವು ತಗ್ಗಿಸಲು ಕಾಕ್ರೇನರ ಬಳಿ ಔಷಧವಿರಲಿಲ್ಲ. ಆತನ ಭಾಷೆಯೂ ಬರುತ್ತಿರಲಿಲ್ಲ. ಕೊನೆಗೆ ಅವರು ಹಾಸಿಗೆಯ ಮೇಲೆ ಕುಳಿತು ಆತನನ್ನು ತಬ್ಬಿಕೊಂಡರು. ಕಿರುಚಾಟ ನಿಂತಿತು. ಕೆಲವು ಗಂಟೆಗಳ ನಂತರ ಆತ ಅವರ ತೋಳಿನಲ್ಲೇ ಶಾಂತವಾಗಿ ಕಣ್ಣುಮುಚ್ಚಿದ. ಆತನನ್ನು ಕಾಡಿದ್ದು ರೋಗದ ನೋವಲ್ಲ, ಒಂಟಿತನ ಎಂದು ಕಾಕ್ರೇನರಿಗೆ ಆಗ ತಿಳಿಯಿತು. ಅಂಕಿಅಂಶಗಳ ವೈದ್ಯ ಎಂದರೆ ಕಲ್ಲು ಹೃದಯದವರೆಂದು ತಿಳಿಯಬೇಡಿ.

ಗಣಿಗಳ ಕಣಿವೆಯಲ್ಲಿ

ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರ ಪಾಠ ಕೇಳಿದರು. ಚಿಕಿತ್ಸೆಯನ್ನು ಪರೀಕ್ಷಿಸುವ ಸರಿಯಾದ ವಿಧಾನವನ್ನು ಹಿಲ್ ಕಲಿಸುತ್ತಿದ್ದರು. ಅದು ಬಹಳ ಸರಳ. ಯಾವ ರೋಗಿಗೆ ಹೊಸ ಔಷಧ, ಯಾವ ರೋಗಿಗೆ ಹಳೆಯದು ಎಂಬುದನ್ನು ವೈದ್ಯರು ತೀರ್ಮಾನಿಸಬಾರದು, ಚೀಟಿ ಎತ್ತಿದಂತೆ ತೀರ್ಮಾನವಾಗಬೇಕು. ಯಾಕೆ ಗೊತ್ತೇ? ವೈದ್ಯರೇ ಆರಿಸಿದರೆ ಗಟ್ಟಿಮುಟ್ಟಾದವರಿಗೆ ಹೊಸ ಔಷಧ ಸಿಕ್ಕಿಬಿಡಬಹುದು. ಆಗ ಗುಣವಾದದ್ದು ಔಷಧದಿಂದಲೋ, ಅವರ ಗಟ್ಟಿತನದಿಂದಲೋ ತಿಳಿಯುವುದಿಲ್ಲ.

1948ರಲ್ಲಿ ಕಾಕ್ರೇನ್ ವೇಲ್ಸ್‌ನ ಕಾರ್ಡಿಫ್ ಸಮೀಪದ ಸಂಶೋಧನಾ ಘಟಕಕ್ಕೆ ಸೇರಿದರು. ಅಲ್ಲಿ ಕಲ್ಲಿದ್ದಲು ಗಣಿಗಳಿದ್ದವು. ಗಣಿಯ ಧೂಳು ಕುಡಿದು ಕಾರ್ಮಿಕರ ಶ್ವಾಸಕೋಶ ಹಾಳಾಗುತ್ತಿತ್ತು. ನಮ್ಮ ಕೋಲಾರದ ಚಿನ್ನದ ಗಣಿ ಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್ ಕೂಡ ಇದೇ ಜಾತಿಯ ರೋಗ. ಕಾಕ್ರೇನರ ತಂಡ ರೋಂಡ ಫಾಕ್ ಎಂಬ ಕಣಿವೆಯ ಮನೆಮನೆಗೂ ಹೋಗಿ ಜನರನ್ನು ಒಪ್ಪಿಸಿ, ನೂರಕ್ಕೆ ತೊಂಬತ್ತರಷ್ಟು ಮಂದಿಯ ಎದೆಯ ಎಕ್ಸ್-ರೇ ತೆಗೆಯಿತು. ಅದೇ ಜನರನ್ನು ಇಪ್ಪತ್ತು ವರ್ಷಗಳ ನಂತರವೂ ಹುಡುಕಿ ಪರೀಕ್ಷಿಸಿತು.

ಎಕ್ಸ್-ರೇ ಕೆಲಸದಿಂದ ಅವರಿಗೆ ಒಂದು ವಿಚಿತ್ರ ತಿಳಿದಿತ್ತು. ಒಂದೇ ಎಕ್ಸ್-ರೇ ನೋಡಿ ಇಬ್ಬರು ವೈದ್ಯರು ಬೇರೆ ಬೇರೆ ಅಭಿಪ್ರಾಯ ಕೊಡುತ್ತಿದ್ದರು. ಒಬ್ಬರೇ ವೈದ್ಯರು ಅದನ್ನು ಎರಡನೆಯ ಸಲ ನೋಡಿದಾಗ ಮೊದಲು ಹೇಳಿದ್ದಕ್ಕಿಂತ ಬೇರೆಯದನ್ನೇ ಹೇಳುವುದೂ ಇತ್ತು. ತಜ್ಞರ ಕಣ್ಣೂ ತಪ್ಪುತ್ತದೆ!

ತಜ್ಞರ ಮನಸ್ಸೂ ತಪ್ಪುತ್ತದೆ ಎಂಬುದಕ್ಕೆ ಒಂದು ಸ್ವಾರಸ್ಯದ ಪ್ರಸಂಗವಿದೆ. ಹೃದಯಾಘಾತವಾದವರಿಗೆ ಆಸ್ಪತ್ರೆಯ ವಿಶೇಷ ಘಟಕ ಮೇಲೋ, ಮನೆಯಲ್ಲಿನ ಆರೈಕೆ ಮೇಲೋ ಎಂದು ಆ ಕಾಲದಲ್ಲಿ ಒಂದು ಪರೀಕ್ಷೆ ನಡೆಯುತ್ತಿತ್ತು. ಮೊದಲ ಅಂಕಿಗಳು ಬಂದವು. ಮನೆಯಲ್ಲಿದ್ದವರ ಕಡೆಗೆ ಚೂರೇ ಚೂರು ಅನುಕೂಲ ಕಂಡಿತು. ಏನನ್ನೂ ಖಚಿತವಾಗಿ ಹೇಳಲಾಗದಷ್ಟು ಸಣ್ಣ ವ್ಯತ್ಯಾಸ ಅದು. ಕಾಕ್ರೇನ್ ಒಂದು ಕೀಟಲೆ ಮಾಡಿದರು. ಅಂಕಿಗಳನ್ನು ಅದಲು ಬದಲು ಮಾಡಿ, ಆಸ್ಪತ್ರೆಯೇ ಮೇಲು ಎಂದು ಕಾಣುವಂತೆ ಇನ್ನೊಂದು ವರದಿ ಬರೆದು, ಅದನ್ನು ಹೃದಯ ತಜ್ಞರಿಗೆ ತೋರಿಸಿದರು. ತಜ್ಞರು ಸಿಟ್ಟಾದರು. ಮನೆಯಲ್ಲಿ ರೋಗಿಗಳನ್ನು ಸಾಯಿಸುತ್ತಿದ್ದೀರಿ, ಪರೀಕ್ಷೆಯನ್ನು ಈಗಲೇ ನಿಲ್ಲಿಸಿ ಎಂದು ಪಟ್ಟುಹಿಡಿದರು. ಅವರ ಮಾತು ಮುಗಿಯುವವರೆಗೆ ಕಾದ ಕಾಕ್ರೇನ್, ಕ್ಷಮೆ ಕೇಳಿ ನಿಜವಾದ ಅಂಕಿಗಳನ್ನು ಮುಂದಿಟ್ಟರು. ಹಾಗಾದರೆ ಆಸ್ಪತ್ರೆಯ ಘಟಕಗಳನ್ನು ಈಗಲೇ ಮುಚ್ಚೋಣವೇ ಎಂದು ಕೇಳಿದರು. ಯಾರೂ ತುಟಿ ಬಿಚ್ಚಲಿಲ್ಲ. ಅಂಕಿಗಳು ಅವೇ. ತಮಗೆ ಇಷ್ಟವಾದಾಗ ದೊಡ್ಡದಾಗಿ ಕಂಡವು, ಇಷ್ಟವಾಗದಾಗ ಸಣ್ಣದಾಗಿ ಕಂಡವು.

ಒಂದು ಅಗುಳು ಸಾಲದು

ಅನ್ನ ಬೆಂದಿದೆಯೇ ಎಂದು ನೋಡಲು ಅಮ್ಮ ಒಂದು ಅಗುಳು ಹಿಸುಕಿ ನೋಡುತ್ತಾರೆ. ಅಷ್ಟು ಸಾಕು. ಏಕೆಂದರೆ ಅಗುಳುಗಳೆಲ್ಲ ಒಂದೇ ಪಾತ್ರೆಯಲ್ಲಿ, ಒಂದೇ ನೀರಿನಲ್ಲಿ ಬೆಂದಿವೆ. ಮನುಷ್ಯರು ಹಾಗಲ್ಲ. ಒಬ್ಬರ ದೇಹದಂತೆ ಇನ್ನೊಬ್ಬರದಿಲ್ಲ. ಆದ್ದರಿಂದ ಔಷಧದ ಪರೀಕ್ಷೆಗೆ ಬಹಳ ಜನ ಬೇಕು.

1974ರಲ್ಲಿ ಕಾಕ್ರೇನ್ ಮತ್ತು ಅವರ ಸಹೋದ್ಯೋಗಿ ಪೀಟರ್ ಎಲ್‌ವುಡ್ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಒಮ್ಮೆ ಹೃದಯಾಘಾತವಾದ 1,239 ಗಂಡಸರು ಅದರಲ್ಲಿದ್ದರು. ಕೆಲವರಿಗೆ ದಿನವೂ ಆಸ್ಪಿರಿನ್, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಆಸ್ಪಿರಿನ್ ನುಂಗಿದವರಲ್ಲಿ ಸಾವು ಕಡಿಮೆ ಇತ್ತು. ಆದರೆ ಅದು ಆಕಸ್ಮಿಕವೂ ಆಗಿರಬಹುದಿತ್ತು. 1,239 ಜನರೂ ಸಾಲಲಿಲ್ಲ ನೋಡಿ! 1980ರಲ್ಲಿ ಇಂಥ ಆರು ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ ಆಸ್ಪಿರಿನ್ನಿನ ಉಪಯೋಗ ಸ್ಪಷ್ಟವಾಯಿತು. (ಇದು ದೊಡ್ಡವರ ಮಾತು. ವೈದ್ಯರು ಹೇಳದೆ ಮಕ್ಕಳು ಆಸ್ಪಿರಿನ್ ನುಂಗಬಾರದು.)

ಒಟ್ಟಿಗೆ ಇಡುವುದು ಎಂದರೇನು? ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಕಾಗದದ ನಡುವೆ ಮೇಲಿಂದ ಕೆಳಕ್ಕೆ ಒಂದು ನೇರ ಗೆರೆ ಎಳೆಯಿರಿ. ಔಷಧ ಕೊಟ್ಟರೂ ಕೊಡದಿದ್ದರೂ ವ್ಯತ್ಯಾಸವಿಲ್ಲ ಎಂಬುದು ಆ ಗೆರೆಯ ಅರ್ಥ. ಅದರ ಎಡಕ್ಕೆ ಹೋದಷ್ಟೂ ಔಷಧದಿಂದ ಸಾವು ಕಡಿಮೆ. ಬಲಕ್ಕೆ ಹೋದಷ್ಟೂ ಹೆಚ್ಚು. ಈಗ ಒಂದೊಂದು ಪರೀಕ್ಷೆಗೆ ಒಂದೊಂದು ಅಡ್ಡಗೆರೆ, ಒಂದರ ಕೆಳಗೊಂದು.

ಅಡ್ಡಗೆರೆಯ ಉದ್ದಕ್ಕೂ ಅರ್ಥವಿದೆ. ಒಂದು ಮೂಟೆ ರಾಗಿಯಲ್ಲಿ ಕಲ್ಲೆಷ್ಟಿದೆ ಎಂದು ಒಂದು ಹಿಡಿ ತೆಗೆದು ನೋಡಿದರೆ ಅಂದಾಜು ಸಡಿಲವಾಗಿರುತ್ತದೆ. ಒಂದು ಮೊರ ತುಂಬ ತೆಗೆದು ಆರಿಸಿದರೆ ಅಂದಾಜು ಬಿಗಿಯಾಗುತ್ತದೆ. ಹಾಗೆಯೇ ಸ್ವಲ್ಪ ಜನರ ಪರೀಕ್ಷೆಗೆ ಉದ್ದ ಗೆರೆ, ಬಹಳ ಜನರ ಪರೀಕ್ಷೆಗೆ ಗಿಡ್ಡ ಗೆರೆ. ಉದ್ದ ಗೆರೆ ಎಂದರೆ ಹೆಚ್ಚು ಗುಣ ಎಂದು ತಿಳಿದೀರಿ, ಜೋಕೆ! ಅದು ಹೆಚ್ಚು ಅನುಮಾನ.

ಅಡ್ಡಗೆರೆ ನಡುವಿನ ನೇರ ಗೆರೆಯನ್ನು ಮುಟ್ಟಿದರೆ ಆ ಪರೀಕ್ಷೆಯೊಂದರಿಂದಲೇ ಏನನ್ನೂ ಖಚಿತವಾಗಿ ಹೇಳಲಾಗದು. ಇಲ್ಲಿ ದೊಡ್ಡವರೂ ಎಡವುತ್ತಾರೆ. ಗೆರೆ ಮುಟ್ಟಿತು, ಆದ್ದರಿಂದ ಔಷಧದಿಂದ ಉಪಯೋಗವಿಲ್ಲ ಎಂದುಬಿಡುತ್ತಾರೆ. ಗೊತ್ತಿಲ್ಲ ಎಂಬುದೂ ಇಲ್ಲ ಎಂಬುದೂ ಒಂದೇ ಅಲ್ಲ. ಪರೀಕ್ಷೆಗಳಿಂದ ಕೈ ಎತ್ತಿಸಿ ಮತ ಎಣಿಸಿದಂತೆ ಎಣಿಸಲೂ ಬಾರದು. ಎಲ್ಲವನ್ನೂ ಸೇರಿಸಿ, ದೊಡ್ಡ ಪರೀಕ್ಷೆಗೆ ಹೆಚ್ಚು ತೂಕ ಕೊಟ್ಟು ಲೆಕ್ಕ ಮಾಡಬೇಕು. ಆ ಒಟ್ಟು ಉತ್ತರವನ್ನು ಗ್ರಾಫಿನ ಅಡಿಯಲ್ಲಿ ಪುಟ್ಟ ವಜ್ರದ ಆಕಾರದಲ್ಲಿ ಬರೆಯುತ್ತಾರೆ. ಗೆರೆಗಳು ಕಾಡಿನ ಮರಗಳಂತೆ ಕಾಣುವುದರಿಂದ ಇದಕ್ಕೆ ಫಾರೆಸ್ಟ್ ಪ್ಲಾಟ್, ಅಂದರೆ ಕಾಡಿನ ನಕ್ಷೆ ಎಂದು ಹೆಸರು.

ಮರದ ಸೌಟು

ಕಾಕ್ರೇನ್ 1972ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದು, ಚಿಕಿತ್ಸೆಗಳನ್ನು ಪರೀಕ್ಷಿಸದೆ ಬಳಸಬಾರದೆಂದು ವಾದಿಸಿದರು. 1979ರಲ್ಲಿ ಇನ್ನೂ ಖಾರವಾಗಿ ಬರೆದರು. ಪರೀಕ್ಷೆಗಳು ನಡೆದಿದ್ದರೂ ಅವು ಅಲ್ಲೊಂದು ಇಲ್ಲೊಂದು ಚದುರಿ ಬಿದ್ದಿವೆ, ಎಲ್ಲವನ್ನೂ ಸೇರಿಸಿ, ಆಗಾಗ ಹೊಸದನ್ನು ಕೂಡಿಸಿ ವೈದ್ಯರ ಕೈಗೆ ಕೊಡುವವರೇ ಇಲ್ಲ ಎಂದು ಆಕ್ಷೇಪಿಸಿದರು. ಈ ವಿಷಯದಲ್ಲಿ ಹೆರಿಗೆ ವೈದ್ಯರೇ ಎಲ್ಲರಿಗಿಂತ ಹಿಂದೆ ಎಂದು, ಅವರಿಗೆ ಮರದ ಸೌಟಿನ ಬಹುಮಾನ ಘೋಷಿಸಿದರು. ಇಂಗ್ಲೆಂಡಿನಲ್ಲಿ ಕೊನೆಯ ಸ್ಥಾನ ಬಂದವರಿಗೆ ತಮಾಷೆಗೆ ಕೊಡುವುದು ಅದು.

ಆಕ್ಸ್‌ಫರ್ಡಿನಲ್ಲಿದ್ದ ಇಯಾನ್ ಚಾಮರ್ಸ್ ಎಂಬ ವೈದ್ಯರು ಈ ಸವಾಲನ್ನು ಸ್ವೀಕರಿಸಿದರು. ಅವರು ಮತ್ತು ಜೊತೆಗಾರರು ಗರ್ಭಿಣಿಯರ ಆರೈಕೆಯ ಬಗ್ಗೆ ನಡೆದ ಪರೀಕ್ಷೆಗಳನ್ನೆಲ್ಲ ಹುಡುಕಿ ಸೇರಿಸಿದರು. ಅದರಲ್ಲೊಂದು ವಿಷಯ, ದಿನ ತುಂಬುವ ಮೊದಲೇ ಹುಟ್ಟುವ ಶಿಶುಗಳದು. ಅವುಗಳ ಶ್ವಾಸಕೋಶ ಇನ್ನೂ ಬಲಿತಿರುವುದಿಲ್ಲ. ಹೆರಿಗೆಗೆ ಮುಂಚೆ ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಎಂಬ ವೈದ್ಯರು ಇದರ ಸುಳಿವನ್ನು ಮೊದಲು ಕಂಡದ್ದು ಕುರಿಮರಿಗಳಲ್ಲಿ. ಅವರೂ ಹೋವಿ ಎಂಬ ಮಕ್ಕಳ ವೈದ್ಯರೂ ತಾಯಂದಿರಲ್ಲಿ ನಡೆಸಿದ ಪರೀಕ್ಷೆ 1972ರಲ್ಲಿ ಪ್ರಕಟವಾಯಿತು. ಮುಂದೆ ಇನ್ನೂ ಪರೀಕ್ಷೆಗಳು ನಡೆದವು. ಅವುಗಳಲ್ಲಿ ಹೆಚ್ಚಿನವುಗಳ ಗೆರೆಗಳು ನಡುಗೆರೆಯನ್ನು ಮುಟ್ಟುತ್ತಿದ್ದವು. ಒಂದೊಂದನ್ನೇ ಓದಿದ ವೈದ್ಯರು ಔಷಧವನ್ನು ನಂಬಲಿಲ್ಲ. 1989ರಲ್ಲಿ ಎಲ್ಲವನ್ನೂ ಸೇರಿಸಿದ ವರದಿ ಬಂದಾಗ, ಈ ಔಷಧದಿಂದ ಶಿಶುಗಳ ಸಾವಿನ ಸಾಧ್ಯತೆ ನೂರಕ್ಕೆ 30ರಿಂದ 50ರಷ್ಟು ತಗ್ಗುತ್ತದೆಂದು ತಿಳಿಯಿತು. ಅಷ್ಟರಲ್ಲಿ, ಉಳಿಸಬಹುದಾಗಿದ್ದ ಹತ್ತಾರು ಸಾವಿರ ಶಿಶುಗಳು ಸತ್ತಿದ್ದವು ಎಂದು ಅಂದಾಜು. ಔಷಧ ಇತ್ತು, ಪರೀಕ್ಷೆಗಳೂ ಇದ್ದವು, ಒಂದರ ಕೆಳಗೊಂದು ಗೆರೆ ಎಳೆದು ನೋಡಿದವರಿರಲಿಲ್ಲ.

ಹೆರಿಗೆ ವೈದ್ಯರ ಈ ದೊಡ್ಡ ಕೆಲಸವನ್ನು ಮೆಚ್ಚಿ ಕಾಕ್ರೇನ್ ತಮ್ಮ ಮರದ ಸೌಟನ್ನು ವಾಪಸು ಪಡೆದರು. ಆದರೆ ಪುಸ್ತಕ ಹೊರಬರುವ ಮುನ್ನವೇ, 1988ರ ಜೂನ್ 18ರಂದು ತೀರಿಕೊಂಡರು. 1992ರಲ್ಲಿ ಆಕ್ಸ್‌ಫರ್ಡಿನಲ್ಲಿ ಅವರ ಹೆಸರಿನ ಕೇಂದ್ರ ಆರಂಭವಾಯಿತು. ಮರುವರ್ಷ ಅದು ಹಲವು ದೇಶಗಳ ಸಂಸ್ಥೆಯಾಗಿ ಬೆಳೆಯಿತು. ಆ ಏಳು ಗೆರೆಗಳ ಸ್ಟಿರಾಯ್ಡ್ ಗ್ರಾಫೇ ಅದರ ಲಾಂಛನ. ಏಳು ಅಡ್ಡಗೆರೆ, ಒಂದು ನೇರ ಗೆರೆ, ಕೆಳಗೆ ಎಡಬದಿಗೆ ಒಂದು ವಜ್ರ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಆ ಹಳೆಯ ಪರೀಕ್ಷೆಗಳು ಹೆಚ್ಚಾಗಿ ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ನಡೆದಿದ್ದವು. ನಮ್ಮಂಥ ದೇಶಗಳಲ್ಲಿ? 2015ರಲ್ಲಿ ಆರು ದೇಶಗಳ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ನಮ್ಮ ಬೆಳಗಾವಿಯೂ ಅದರಲ್ಲಿತ್ತು. ಹಳ್ಳಿ ಹಳ್ಳಿಗಳಲ್ಲಿ ಈ ಔಷಧವನ್ನು ವ್ಯಾಪಕವಾಗಿ ಕೊಟ್ಟಾಗ ತೀರಾ ಚಿಕ್ಕ ಶಿಶುಗಳ ಸಾವು ಕಡಿಮೆಯಾಗಲಿಲ್ಲ. ಎಲ್ಲ ಶಿಶುಗಳನ್ನೂ ಸೇರಿಸಿ ನೋಡಿದರೆ ಸಾವು ಸ್ವಲ್ಪ ಹೆಚ್ಚೇ ಆಗಿತ್ತು! ಔಷಧ ಪಡೆದ ಬಹುಪಾಲು ತಾಯಂದಿರ ಮಕ್ಕಳು ತೀರಾ ಚಿಕ್ಕವರಾಗಿರಲೇ ಇಲ್ಲ. ಅಂದರೆ ಔಷಧ ಬೇಡದವರಿಗೂ ಅದು ಸಿಕ್ಕಿತ್ತು.

ಆದ್ದರಿಂದ ಮತ್ತೊಂದು ಪರೀಕ್ಷೆ ನಡೆಯಿತು. ಈ ಸಲ ಆಸ್ಪತ್ರೆಗಳಲ್ಲಿ ಮಾತ್ರ. ಭಾರತ, ಬಾಂಗ್ಲಾದೇಶ, ಕೀನ್ಯಾ, ನೈಜೀರಿಯ, ಪಾಕಿಸ್ತಾನಗಳ 29 ಆಸ್ಪತ್ರೆಗಳ 2,852 ತಾಯಂದಿರು ಅದರಲ್ಲಿದ್ದರು. ಬೆಳಗಾವಿಯ ಸಂಶೋಧಕರು ಇದರಲ್ಲೂ ಪಾಲ್ಗೊಂಡರು. 2020ರಲ್ಲಿ ಉತ್ತರ ಬಂತು. ಔಷಧ ಕೊಟ್ಟ ಗುಂಪಿನಲ್ಲಿ ನೂರಕ್ಕೆ 19.6 ಶಿಶುಗಳು, ಕೊಡದ ಗುಂಪಿನಲ್ಲಿ ನೂರಕ್ಕೆ 23.5 ಶಿಶುಗಳು ಸತ್ತಿದ್ದವು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೋಡಿ, ಸುಮಾರು 0.83 ಬರುತ್ತದೆ. ಸಂಶೋಧಕರು ಇನ್ನೂ ಸೂಕ್ಷ್ಮವಾಗಿ ಲೆಕ್ಕ ಹಾಕಿ 0.84 ಎಂದು ಬರೆದರು. ಅವರ ಅಡ್ಡಗೆರೆಯ ಎಡ ತುದಿ 0.72ರಲ್ಲಿ, ಬಲ ತುದಿ 0.97ರಲ್ಲಿ.

ನಿಮ್ಮ ಗ್ರಾಫ್ ಹಾಳೆಯಲ್ಲಿ 1ರ ಮೇಲೆ ನೇರ ಗೆರೆ ಎಳೆದು ಈ ಅಡ್ಡಗೆರೆಯನ್ನು ಬರೆಯಿರಿ. 0.84ರಲ್ಲಿ ಒಂದು ಚುಕ್ಕೆ ಇಡಿ. ಬಲ ತುದಿಗೂ ನೇರ ಗೆರೆಗೂ ನಡುವೆ ಎಷ್ಟು ಜಾಗ ಉಳಿಯಿತು, ಅಳೆದು ನೋಡಿ.